ಹಲವು ಪ್ರಕಾರಗಳ ಲೇಖಕನಿಗೆ ಬೇಕಾದ ಕೋಣೆ

ನಮ್ಮ ವಿಮರ್ಶಕರಲ್ಲಿಯೂ ಸಭೆಗಳಲ್ಲಿ ಅಧ್ಯಕ್ಷಭಾಷಣ ಮಾಡತಕ್ಕ ಹಿರಿಯರಲ್ಲಿಯೂ ಒಂದು ರೂಢಿಯುಂಟು. ಯಾವನಾದರೊಬ್ಬ ಲೇಖಕನು ಕವಿತೆಯನ್ನೂ ಕಥೆಯನ್ನೂ ನಾಟಕವನ್ನೂ ಚಲನಚಿತ್ರವನ್ನೂ ಸಮಾನವಾದ ಶ್ರದ್ಧೆಯಿಂದ ಕೈಗೊಂಡನೆಂದರೆ, ಆತನ ಕೃತಿಗಳನ್ನೆಲ್ಲ ಮುಂದಿರಿಸಿಕೊಂಡು, ಇವುಗಳಲ್ಲಿ ಬಲಗೈಯ ಬರಹ ಯಾವುದು ಎಡಗೈಯದು ಯಾವುದು ಎಂದು ವಿಂಗಡಿಸಿ, ‘ಇವರು ಮೂಲತಃ ಕವಿಗಳು’ ಎಂದೋ ‘ಮೂಲತಃ ನಾಟಕಕಾರರು’ ಎಂದೋ ತೀರ್ಪಿತ್ತು, ಮಿಕ್ಕುದನ್ನು ವಿರಾಮಕಾಲದ ವಿನೋದವೆಂದು ಬದಿಗೆ ಸರಿಸಿಬಿಡುವರು. ಇದಕ್ಕೆ ಎದುರಾಗಿ ಈಚೆಗೆ ಇನ್ನೊಂದು ಮನೋಭಾವ ಹಬ್ಬಿದೆ. ಬಿ.ಟಿ.ಎಂ. ಲೇಔಟಿನ ಬಾಡಿಗೆ ಕೊಠಡಿಗಳಲ್ಲಿದ್ದುಕೊಂಡು, ಹಗಲೆಲ್ಲ ಕಂಪನಿಗೆ ದುಡಿದು, ರಾತ್ರಿಯ ಹೊತ್ತು ಕವಿತೆಯನ್ನೋ ಕಿರುಚಿತ್ರದ ಸ್ಕ್ರಿಪ್ಟನ್ನೋ ಹಾಡಿನ ಸಾಲನ್ನೋ ಪಾಡ್‌ಕಾಸ್ಟನ್ನೋ ಸಿದ್ಧಪಡಿಸುವ ತರುಣ ತರುಣಿಯರು ತಮ್ಮ ಹೆಸರಿನ ಕೆಳಗೆ ಐದಾರು ಬಿರುದುಗಳನ್ನು ನಿಸ್ಸಂಕೋಚವಾಗಿ ಬರೆದುಕೊಳ್ಳುವರು. ಹಿರಿಯರು ಪ್ರಕಾರಗಳ ನಡುವೆ ಗೋಡೆಯೆಬ್ಬಿಸಿದರೆ ಕಿರಿಯರು ಅಂತಹ ಗೋಡೆಯೊಂದು ಇರುವುದನ್ನೇ ಅರಿಯರು. ಇವರಲ್ಲಿ ಯಾರ ಮಾತೂ ನನಗೆ ಒಪ್ಪಿತವಾಗುವುದಿಲ್ಲ. ಅದಕ್ಕೆ ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಯೂ ಇಲ್ಲ. ದಕ್ಷಿಣ ಬೆಂಗಳೂರಿನಲ್ಲಿಯೇ ನೆಲಸಿ ಕೃತಿರಚನೆ ಮಾಡಿದ ಇಬ್ಬರ ಬರಹದ ಬಾಳನ್ನು ಸಾವಧಾನವಾಗಿ ನೋಡಿದರೆ ಸಾಕು.

ಮೊದಲನೆಯವರು ಬನಶಂಕರಿಯಲ್ಲಿ ಮನೆಮಾಡಿಕೊಂಡ ಚಂದ್ರಶೇಖರ ಕಂಬಾರರು. ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ 1937ರಲ್ಲಿ ಕಮ್ಮಾರಿಕೆಯ ಮನೆತನದಲ್ಲಿ ಹುಟ್ಟಿ, ಬಡತನದಿಂದ ಓದು ನಿಂತುಹೋಗುವಂತಾದಾಗ ಸಾವಳಗಿ ಮಠದ ಸ್ವಾಮಿಗಳ ಆಶ್ರಯದಿಂದ ಅದನ್ನು ಮುಂದುವರಿಸಿ, ಬೆಂಗಳೂರು ವಿಶ್ವವಿದ್ಯಾನಿಲಯದ ಅಧ್ಯಾಪಕರಾಗಿ, ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳಾಗಿ, 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಇವರ ಕೃತಿಗಳನ್ನು ಪ್ರಕಾರವಾರು ಜೋಡಿಸಿದರೆ ಗ್ರಂಥಾಲಯದ ನಾಲ್ಕಾರು ಬೇರೆ ಬೇರೆ ಕಪಾಟುಗಳಿಗೆ ಹಂಚಬೇಕಾಗುವುದು: ‘ಹೇಳತೇನ ಕೇಳ’ ಕಾವ್ಯ, ‘ಜೋಕುಮಾರಸ್ವಾಮಿ’ ನಾಟಕ, ‘ಕರಿಮಾಯಿ’ ಕಾದಂಬರಿ, ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತ ಸಂಶೋಧನೆ, ‘ಕಾಡುಕುದುರೆ’ ಚಲನಚಿತ್ರ. ಆದರೆ ಓದುಗನಾದವನು ಈ ಕಪಾಟುಗಳನ್ನು ಮರೆತು ಒಂದಾದ ಮೇಲೊಂದನ್ನು ಓದುತ್ತ ಹೋದನೆಂದರೆ, ತಾನು ಮತ್ತೆ ಮತ್ತೆ ಒಂದೇ ಊರಿನೊಳಕ್ಕೆ ಕಾಲಿಡುತ್ತಿರುವೆನೆಂಬುದು ಆತನಿಗೆ ಬೇಗನೆ ತಿಳಿಯುವುದು. ಆ ಊರು ಶಿವಾಪುರ. ಕರಿಮಾಯಿಯೆಂಬ ದೇವತೆ ಕಾಯುವ, ಗೌಡಿಕೆಯ ದರ್ಪ ಆಳುವ, ಹೊಸ ಕಾಲವು ಯಾವ ಬಾಗಿಲಿನಿಂದ ಹೊಕ್ಕು ಏನನ್ನು ಕೆಡಿಸೀತೋ ಎಂಬ ಆತಂಕದಿಂದ ತುಂಬಿದ ಆ ಕಲ್ಪಿತ ಗ್ರಾಮವೇ ಕಂಬಾರರ ಕೃತಿಗಳನ್ನು ಆವರಿಸಿಕೊಂಡ ನೆಲ. 1964ರಲ್ಲಿ ಲಾವಣಿಯ ಧಾಟಿಯಲ್ಲಿ ‘ಹೇಳತೇನ ಕೇಳ’ವಾಗಿ ಹೊರಬಂದ ವಸ್ತುವು ಕವಿತೆಯಲ್ಲಿ ಪೂರ್ಣವಾಗಿ ಇಳಿದು ಮುಗಿಯಲಿಲ್ಲ, ಅದರ ಉಳಿಕೆ ‘ಋಷ್ಯಶೃಂಗ’ ನಾಟಕವಾಗಿ ಮತ್ತೆ ಎದ್ದಿತು. ಕವಿತೆ ಹೇಳಬಲ್ಲುದನ್ನು ಹೇಳಿ ನಿಂತ ಸ್ಥಳದಿಂದ ನಾಟಕ ಮುಂದಕ್ಕೆ ಹೋಯಿತೆನ್ನಬೇಕೇ ಹೊರತು, ಕವಿಯೊಬ್ಬರು ಬೇಸರ ಕಳೆಯಲು ನಾಟಕ ಬರೆದರೆನ್ನುವುದು ಸಲ್ಲದು.

‘ಜೋಕುಮಾರಸ್ವಾಮಿ’ಯ ನಿದರ್ಶನ ಇನ್ನೂ ಸ್ಪಷ್ಟವಾಗಿದೆ. ಭಾದ್ರಪದದಲ್ಲಿ ಹುಟ್ಟಿ ಕೆಲವೇ ದಿನ ಮೆರೆದು ಸಾಯುವ ಜೋಕುಮಾರನೆಂಬ ಫಲವಂತಿಕೆಯ ದೇವರ ಆಚರಣೆಯನ್ನು ಜಾನಪದ ಸಂಶೋಧಕನು ಲೇಖನವಾಗಿ ಬರೆಯಬಹುದು. ಕಂಬಾರರಲ್ಲಿದ್ದ ಸಂಶೋಧಕನಿಗೆ ಆ ಸಾಮಗ್ರಿ ಕರತಲಾಮಲಕವಾಗಿಯೇ ಇತ್ತು. ಆದರೆ ಬಂಜೆಯೆನಿಸಿಕೊಂಡ ಗೌಡ್ತಿಯು ಗಂಡನಿಗೆಂದು ಮಾಡಿದ ಪಡವಲಕಾಯಿಯ ಪಲ್ಯವನ್ನು ಬಸಣ್ಣನು ಉಣ್ಣುವ, ಉಳುವವನಿಗೆ ಭೂಮಿಯೂ ಹೆಣ್ಣೂ ಒಮ್ಮೆಗೇ ಒಲಿಯುವ, ಅದರ ಫಲವಾಗಿ ಆತನ ರಕ್ತ ನೆಲಕ್ಕೆ ಬೀಳುವ ಆ ಕಥೆಗೆ ಬಯಲಾಟದ ಕುಣಿತ, ಮೇಳದ ಹಾಡು, ಸೂತ್ರಧಾರನ ಕುಚೋದ್ಯ ಇವೆಲ್ಲ ಅಲಂಕಾರವಾಗಿ ಬಂದುವಲ್ಲ, ಪ್ರಾಣವಾಗಿ ಬಂದವು. ಅದನ್ನು ರಂಗಕ್ಕೆ ತಂದವರು ಬಿ. ವಿ. ಕಾರಂತರು. ಪುಟದ ಮೇಲೆ ಬರೆದವನೊಬ್ಬ, ಬಯಲಿನಲ್ಲಿ ಆಡಿಸಿದವನೊಬ್ಬ. ಇವರಿಬ್ಬರ ಸಹವಾಸದಿಂದ ಹುಟ್ಟಿದ ವಸ್ತುವಿಗೆ ಪುಟದ ನಾಟಕ ಒಂದು ಮುಖಮಾತ್ರ.

ಇನ್ನು ‘ಕಾಡುಕುದುರೆ’. ನಿರ್ದೇಶನವೂ ಗೀತವೂ ಸಂಗೀತವೂ ಕಂಬಾರರದೇ. ಅದರ ಶೀರ್ಷಿಕೆಯ ಹಾಡನ್ನು ಹಾಡಿದ್ದಕ್ಕಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ಶ್ರೇಷ್ಠ ಗಾಯಕರೆಂಬ ರಾಷ್ಟ್ರಪ್ರಶಸ್ತಿ ಬಂದಿತೆಂಬುದನ್ನು ಎಲ್ಲರೂ ಬಲ್ಲರು. ಕನ್ನಡದ ಹಿನ್ನೆಲೆಗಾಯಕರಲ್ಲಿ ಆ ಮನ್ನಣೆ ಪಡೆದ ಮೊದಲಿಗರು ಅವರೇ. ಹಾಡು ಬರೆದವರೇ ಅದಕ್ಕೆ ಧಾಟಿ ಕೂಡಿಸಿದರೆಂಬುದನ್ನು ಮಾತ್ರ ಬಹುಮಂದಿ ನೆನೆಯುವುದಿಲ್ಲ. ಘೋಡಗೇರಿಯ ಹಾಡುಗಾರರ ಮೇಳದಲ್ಲಿ ಕಿವಿಯಿಂದ ಕಲಿತ ಲಯವೇ ಅಲ್ಲಿ ಶಬ್ದವೂ ಆಯಿತು, ಸ್ವರವೂ ಆಯಿತು. ಪದ ಮೊದಲೋ ಧಾಟಿ ಮೊದಲೋ ಎಂದು ಅಂತಹವರನ್ನು ಕೇಳುವುದೇ ವ್ಯರ್ಥ. ಎಡಗೈ ಬಲಗೈ ಎಂಬ ವಿಮರ್ಶಕರ ಅಳತೆಗೋಲು ಅಲ್ಲಿಗೆ ಬಂದು ಮುರಿಯುವುದು.

ಎರಡನೆಯವರಾದ ಗಿರೀಶ ಕಾರ್ನಾಡರು ಬಹುಕಾಲ ಜೆ. ಪಿ. ನಗರದಲ್ಲಿದ್ದವರು, ಅವರ ದಾರಿ ಕಂಬಾರರದಕ್ಕೆ ಪ್ರಾಯಶಃ ವಿರುದ್ಧವಾದುದು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದು ಹಂಬಲಿಸಿದ್ದ ಈ ತರುಣನು, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಡುವ ಸಂದಿಯಲ್ಲಿ, ತನಗೇ ಆಶ್ಚರ್ಯವಾಗುವಂತೆ ಕನ್ನಡದಲ್ಲಿ, ಅದೂ ನಾಟಕವನ್ನು ಬರೆದುಬಿಟ್ಟನು. 1961ರಲ್ಲಿ ಆ ‘ಯಯಾತಿ’ಯನ್ನು ಅಚ್ಚಿಗಿಳಿಸಿದುದು ಧಾರವಾಡದ ಮನೋಹರ ಗ್ರಂಥಮಾಲೆ. ಅಲ್ಲಿ ಜಿ. ಬಿ. ಜೋಶಿಯವರೂ ಕೀರ್ತಿನಾಥ ಕುರ್ತಕೋಟಿಯವರೂ ಕುಳಿತಿದ್ದ ಅಟ್ಟವೆಂಬುದೊಂದು ಇಲ್ಲದೆ ಹೋಗಿದ್ದರೆ ಕಾರ್ನಾಡರು ಏನಾಗುತ್ತಿದ್ದರೋ ಹೇಳಲು ಬಾರದು. ಹಸ್ತಪ್ರತಿಯನ್ನು ಓದಿ ಇದು ನಿಲ್ಲುವುದು ಇದು ನಿಲ್ಲದು ಎಂದು ಮುಖಕ್ಕೆ ಹೇಳಬಲ್ಲ ಜನ ಒಂದು ಕೋಣೆಯಲ್ಲಿ ಕೂಡಿರುವುದು ಸಾಹಿತ್ಯದ ಇತಿಹಾಸಗಳಲ್ಲಿ ನಮೂದಾಗದ, ಆದರೆ ಸಾಹಿತ್ಯವನ್ನು ನಿರ್ಮಿಸುವ ಸಂಗತಿ.

‘ಹಯವದನ’ದ ಹುಟ್ಟಿನ ವೃತ್ತಾಂತವನ್ನು ಕಾರ್ನಾಡರೇ ಹೇಳಿಕೊಂಡಿದ್ದಾರೆ. ತಲೆ ಮುಂಡಗಳು ಅದಲುಬದಲಾಗುವ ಕಥಾಸರಿತ್ಸಾಗರದ ಕಥೆ, ಜರ್ಮನಿಯ ಥಾಮಸ್ ಮನ್ನನ ಕೈಯಲ್ಲಿ ಹಾದು, ಅವರ ಮನಸ್ಸಿನಲ್ಲಿ ಚಲನಚಿತ್ರವಾಗಿ ಕುಳಿತಿತ್ತು. ಅದನ್ನು ಅವರು ಬಿ. ವಿ. ಕಾರಂತರ ಮುಂದೆ ವಿವರಿಸಿದಾಗ ಕಾರಂತರು ಇದು ಸಿನಿಮಾದ ವಸ್ತುವಲ್ಲ, ನಾಟಕದ್ದು ಎಂದರಂತೆ. ಎಂತಹ ಮಾತು! ಕ್ಯಾಮೆರಾದ ಕಣ್ಣಿಗೆ ತಲೆ ಬದಲಾದುದು ಒಂದು ಚಮತ್ಕಾರ, ತಂತ್ರಜ್ಞನ ಕೈಚಳಕ. ಮುಖವಾಡ ತೊಟ್ಟ ನಟನು ಪ್ರೇಕ್ಷಕರ ಎದುರಿನಲ್ಲಿಯೇ ಮುಖವಾಡ ಬದಲಿಸಿದಾಗ ಅದೇ ಸಂಗತಿಯು ನಾನಾರೆಂಬ ಪ್ರಶ್ನೆಯಾಗಿ ನಮ್ಮನ್ನು ಕಾಡುವುದು. ಹಲವು ಪ್ರಕಾರಗಳಲ್ಲಿ ಬರೆಯತಕ್ಕವನಿಗೆ ಬೇಕಾದ ವಿವೇಕವೆಂದರೆ ಇದು: ಯಾವ ವಸ್ತುವಿಗೆ ಯಾವ ರೂಪ ಸಲ್ಲುವುದೆಂಬ ಅರಿವು. ಅದು ಕಾರ್ನಾಡರಂತಹ ಮೇಧಾವಿಗೂ ಏಕಾಂತದಲ್ಲಿ ಹೊಳೆಯಲಿಲ್ಲ. ಆ ರೂಪವನ್ನು ಕೈಯಿಂದ ಬಲ್ಲ ಇನ್ನೊಬ್ಬನ ಬಾಯಿಂದ ಬರಬೇಕಾಯಿತು. ‘ನಾಗಮಂಡಲ’ದ ಕಥೆಯಾದರೂ ಎ. ಕೆ. ರಾಮಾನುಜನ್ನರ ಬಾಯಿಂದ ಬಂದುದೇ.

ಅದೇ ಕಾರ್ನಾಡರು ‘ಸಂಸ್ಕಾರ’ ಚಿತ್ರಕ್ಕೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾದರು, ಕಾರಂತರೊಡಗೂಡಿ ‘ವಂಶವೃಕ್ಷ’ವನ್ನು ನಿರ್ದೇಶಿಸಿದರು, ದೂರದರ್ಶನದಲ್ಲಿ ಶಂಕರನಾಗರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ತಂದೆಯಾದರು, ಪುಣೆಯ ಚಲನಚಿತ್ರ ಸಂಸ್ಥೆಯನ್ನು ನಡೆಸಿದರು. ಸಿನಿಮಾದ ದುಡಿಮೆ ಅವರ ಸಂಸಾರಕ್ಕೆ ಆಧಾರವಾಗಿ ನಾಟಕಕ್ಕೆ ಬಿಡುವನ್ನೂ ಒದಗಿಸಿತೆಂಬುದನ್ನು ಅವರು ಮರೆಮಾಚಿದವರಲ್ಲ. ನಮ್ಮಲ್ಲಿ ಲೇಖಕನ ಜೀವನೋಪಾಯವನ್ನು ಕುರಿತು ಮಾತನಾಡುವುದು ಅಸಭ್ಯವೆಂದು ತಿಳಿಯುವ ಸಂಪ್ರದಾಯವಿದೆ. ಕನ್ನಡದ ಕವನಸಂಕಲನದಿಂದ ಮನೆಬಾಡಿಗೆ ಕಟ್ಟಿದವರಾರೂ ನನಗೆ ಗೊತ್ತಿಲ್ಲ.

ಪ್ರಕಾರದಿಂದ ಪ್ರಕಾರಕ್ಕೆ ದಾಟುವುದರ ಪರವಾದ ಈ ವಾದಕ್ಕೆ ಎದುರುಮಾತನ್ನೂ ಕಾರ್ನಾಡರೇ ಬರೆದಿದ್ದಾರೆ, ಅದೂ ಜೆ. ಪಿ. ನಗರದಲ್ಲಿಯೇ. ಶಂಕರನಾಗರು 1990ರಲ್ಲಿ ಅಕಾಲಮರಣಕ್ಕೆ ತುತ್ತಾದ ಮೇಲೆ ಅರುಂಧತಿ ನಾಗ್ ಅವರು ವರ್ಷಗಟ್ಟಲೆ ಹೆಣಗಿ ಕಟ್ಟಿಸಿದ ರಂಗಶಂಕರವು 2004ರ ಅಕ್ಟೋಬರಿನಲ್ಲಿ ತೆರೆಯಿತಷ್ಟೆ. ಮರುವರ್ಷ ಆ ರಂಗಮಂದಿರದ ಸ್ವಂತ ನಿರ್ಮಾಣವಾಗಿ, ಕೆ. ಎಂ. ಚೈತನ್ಯರೊಡನೆ ಕಾರ್ನಾಡರೇ ನಿರ್ದೇಶಿಸಿದ ‘ಒಡಕಲು ಬಿಂಬ’ ಅಲ್ಲಿ ಪ್ರದರ್ಶಿತವಾಯಿತು. ಆ ನಾಟಕದಲ್ಲಿ, ಕನ್ನಡದಲ್ಲಿ ಸಣ್ಣಕಥೆ ಬರೆಯುತ್ತಿದ್ದ ಮಂಜುಳಾ ನಾಯಕ್ ಇಂಗ್ಲಿಷಿನಲ್ಲಿ ಒಂದು ಕಾದಂಬರಿ ಪ್ರಕಟಿಸಿ ಲೋಕಪ್ರಸಿದ್ಧಳಾಗಿ, ಟಿ.ವಿ. ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಏಳುವಷ್ಟರಲ್ಲಿ ಪರದೆಯ ಮೇಲಿನ ಆಕೆಯ ಬಿಂಬವೇ ಆಕೆಯನ್ನು ಪ್ರಶ್ನಿಸತೊಡಗುವುದು. ಆ ಕೃತಿ ನಿನ್ನದೇ ಎಂಬ ಪ್ರಶ್ನೆಯೂ ಅದರಲ್ಲೊಂದು. ಭಾಷೆಯಿಂದ ಭಾಷೆಗೆ, ಕಥೆಯಿಂದ ಕಾದಂಬರಿಗೆ, ಪುಟದಿಂದ ಪರದೆಗೆ ಜಿಗಿಯುವವರು ಸ್ವಂತವಾಗಿ ಗಳಿಸದುದನ್ನೂ ಹೊತ್ತು ಜಿಗಿಯಬಹುದೆಂಬ ಈ ಎಚ್ಚರಿಕೆಯನ್ನು ಬರೆದಾತನು ಪುಟ, ರಂಗ, ಪರದೆ ಮೂರರಲ್ಲಿಯೂ ದುಡಿದವನೇ ಆಗಿದ್ದುದರಿಂದ, ಅದಕ್ಕೆ ಹೊರಗಿನವರ ಟೀಕೆಗಿಲ್ಲದ ತೂಕವಿದೆ.

ಬಿ.ಟಿ.ಎಂ.ನ ನಮ್ಮ ಕಿರಿಯ ಮಿತ್ರರಿಗೆ ಕೊರತೆಯಿರುವುದು ಹೀಗೆ ಎದುರು ನಿಂತು ಪ್ರಶ್ನಿಸುವ ಸಹವಾಸದ್ದೇ. ಅವರಲ್ಲಿ ಪ್ರತಿಭೆಯಿಲ್ಲವೆಂದು ನಾನು ಹೇಳಲಾರೆ. ಉಪಕರಣಗಳಂತೂ ಕಾರಂತರ ಕಾಲದವರು ಕನಸಿನಲ್ಲಿಯೂ ಕಂಡಿರದಷ್ಟು ಇವೆ. ಆದರೆ ಆ ಉಪಕರಣಗಳೇ ಅವರನ್ನು ಒಂಟಿಯಾಗಿಸಿವೆ. ಬರೆದವನೇ ಚಿತ್ರೀಕರಿಸಿ, ಸಂಕಲಿಸಿ, ಸಂಗೀತ ಬೆರೆಸಿ, ನಡುರಾತ್ರಿಗೆ ಲೋಕಾರ್ಪಣ ಮಾಡಿಬಿಡಬಹುದಾದಾಗ, ‘ಇದು ಸಿನಿಮಾದ ವಸ್ತುವಲ್ಲ’ ಎಂದು ಹೇಳುವ ಕಾರಂತರು ನಡುವೆ ಬರುವುದು ಯಾವ ಗಳಿಗೆಯಲ್ಲಿ? ಚಿತ್ರಗೀತೆ ಬರೆಯುವವರನ್ನು ನೋಡಿರಿ. ಟ್ಯೂನು ಮೊದಲು ಬರುವುದು, ಅದರ ಮೀಟರಿಗೆ ಮಾತು ಕೂಡಬೇಕು, ಕೂಡದಿದ್ದರೆ ಸಂಗೀತ ನಿರ್ದೇಶಕನು ಮುಲಾಜಿಲ್ಲದೆ ತಿರುಗಿಸಿ ಕಳುಹಿಸುವನು. ಗೋಕರ್ಣದಿಂದ ಮುಂಬಯಿಗೆ ಹೋಗಿ, ಔಷಧ ತಯಾರಿಕೆಯ ಉದ್ಯೋಗದಲ್ಲಿದ್ದುಕೊಂಡು ಕವಿತೆ, ಕಥೆಗಳನ್ನು ಬರೆದು, ಬಳಿಕ ಬೆಂಗಳೂರಿಗೆ ಬಂದ ಜಯಂತ ಕಾಯ್ಕಿಣಿಯವರು 2006ರ ‘ಮುಂಗಾರು ಮಳೆ’ಯಿಂದ ಮನೆಮಾತಾದಾಗ, ಕವಿಯೊಬ್ಬರು ಕೆಳಗಿಳಿದರೆಂದು ನಿಟ್ಟುಸಿರಿಟ್ಟವರಿದ್ದರು. ನನಗೆ ಕಂಡುದು ಬೇರೆ. ಹೆಸರು ಮಾಡಿದ ಕವಿಯು ಐವತ್ತರ ಪ್ರಾಯದಲ್ಲಿ ಇನ್ನೊಬ್ಬರ ಸ್ವರಕ್ಕೆ ತನ್ನ ಮಾತನ್ನು ಕತ್ತರಿಸಿ ಹೊಂದಿಸುವ ಶಿಸ್ತನ್ನು ಹೊಸದಾಗಿ ಒಪ್ಪಿಕೊಂಡನೆಂದರೆ, ಅದು ಇಳಿಯುವುದಲ್ಲ, ಮತ್ತೊಮ್ಮೆ ಶಿಷ್ಯನಾಗುವುದು.

ಎಲ್ಲವನ್ನೂ ಮಾಡಹೋದವನು ಯಾವುದನ್ನೂ ಆಳವಾಗಿ ಮಾಡಲಾರನೆಂಬ ಆಕ್ಷೇಪಣೆಯನ್ನು ನಾನು ಬಲ್ಲೆ. ಶಿವರಾಮ ಕಾರಂತರು ಕಾದಂಬರಿ, ಯಕ್ಷಗಾನ, ‘ಬಾಲಪ್ರಪಂಚ’ ಇವನ್ನು ಒಂದೇ ಆಯುಸ್ಸಿನಲ್ಲಿ ಸಾಧಿಸಿದ ಭಾಷೆಯಲ್ಲಿ, ಗೀತನಾಟಕಕ್ಕಾಗಿ ಪು. ತಿ. ನ. ಅವರು ರಾಗಗಳೊಡನೆ ಸೆಣಸಿದ ಭಾಷೆಯಲ್ಲಿ ಈ ಆಕ್ಷೇಪಣೆಯನ್ನು ಎತ್ತುವವರಿಗೆ ಸ್ವಲ್ಪ ಧೈರ್ಯವಿರಬೇಕು.

ಆದುದರಿಂದ ನನ್ನ ವಾದ ಕೊನೆಗೆ ಬಂದು ನಿಲ್ಲುವುದು ಲೇಖಕನ ಮೇಲಲ್ಲ, ಊರಿನ ಮೇಲೆ. ದಕ್ಷಿಣ ಬೆಂಗಳೂರಿನಲ್ಲಿ ಇಂತಹ ಸಹವಾಸಕ್ಕೆ ತಕ್ಕ ಕೋಣೆಗಳು ಎಷ್ಟಿವೆ? ಜೆ. ಪಿ. ನಗರದಲ್ಲಿ ರಂಗಶಂಕರವಿದೆ, ಸೋಮವಾರ ಬಿಟ್ಟು ಪ್ರತಿಸಂಜೆ ನಾಟಕ ನಡೆಯಬೇಕೆಂಬ ಹಟ ಅದಕ್ಕಿದೆ, ಮೂರನೆಯ ಗಂಟೆ ಬಾರಿಸಿದ ಮೇಲೆ ಮಂತ್ರಿಗಳು ಬಂದರೂ ಬಾಗಿಲು ತೆರೆಯದೆಂಬ ಖ್ಯಾತಿಯಿದೆ, ಹೊರಗಿನ ಉಪಾಹಾರದ ಕಟ್ಟೆಯಲ್ಲಿ ಅಕ್ಕಿರೊಟ್ಟಿ ತಿನ್ನುತ್ತ ಬೆಳಕು ಹಾಕುವವನೂ ಕವಿತೆ ಬರೆಯುವವಳೂ ಜಗಳವಾಡಬಹುದಾದ ಅವಕಾಶವಿದೆ. ಬನಶಂಕರಿ ಎರಡನೆಯ ಹಂತದಲ್ಲಿ, 1971ರಲ್ಲಿ ಸ್ಥಾಪಿತವಾದ ಸುಚಿತ್ರಾ ಫಿಲ್ಮ್ ಸೊಸೈಟಿ ಲೋಕದ ಸಿನಿಮಾವನ್ನು ತೋರಿಸಿ ಎರಡು ಮೂರು ತಲೆಮಾರುಗಳ ಕಣ್ಣನ್ನು ತಿದ್ದಿದೆ. ಇವೆರಡೂ ನಾಗರಿಕರ ಛಲದಿಂದ ಹುಟ್ಟಿದವು. ಪೌರಾಡಳಿತದ ಕಾಣಿಕೆಯಾವುದೆಂದು ಕೇಳಿದರೆ, ಜಯನಗರ ಫೋರ್ತ್ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಪುಟ್ಟಣ್ಣ ಕಣಗಾಲರ ಹೆಸರಿನಲ್ಲಿದ್ದ ಚಿತ್ರಮಂದಿರವನ್ನು ಕೆಡವಿದುದು ಮೊದಲು ನೆನಪಿಗೆ ಬರುವುದು.

ರಂಗಶಂಕರದಂತಹ ಮಂದಿರಗಳು ಬಡಾವಣೆಗೊಂದರಂತೆ ಏಳಲಾರವು. ಅದನ್ನು ನಾನು ಬೇಡುತ್ತಲೂ ಇಲ್ಲ. ರಿಹರ್ಸಲಿಗೆ ಬೇಕಾದುದು ಮೂವತ್ತು ಅಡಿ ಖಾಲಿ ನೆಲ, ಎರಡು ದೀಪ, ರಾತ್ರಿ ಹತ್ತರವರೆಗೆ ಬೀಗ ಹಾಕದ ಬಾಗಿಲು. ಸಾರಕ್ಕಿಯಿಂದ ಕತ್ರಿಗುಪ್ಪೆಯವರೆಗೆ ಸರ್ಕಾರಿ ಶಾಲೆಗಳ ಕೊಠಡಿಗಳು ಸಂಜೆ ಐದರ ಮೇಲೆ ಕತ್ತಲಲ್ಲಿ ಬಿದ್ದಿರುತ್ತವೆ. ಅವುಗಳನ್ನು, ವಾರಕ್ಕೆ ನಾಲ್ಕು ಸಂಜೆಯಾದರೂ, ನಾಟಕದ ಓದಿಗೂ ಸ್ಕ್ರಿಪ್ಟಿನ ಚರ್ಚೆಗೂ ಹಾಡು ಕಟ್ಟುವವರಿಗೂ ಬಾಡಿಗೆಯಿಲ್ಲದೆ ಬಿಟ್ಟುಕೊಡುವುದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಅಕಾಡೆಮಿಯೂ ಬೇಡ. ಕಾವಲುಗಾರನಿಗೆ ಸಲ್ಲಬೇಕಾದ ಹೆಚ್ಚುವರಿ ಸಂಬಳವನ್ನು ಮುಂದಿನ ಆಯವ್ಯಯದಲ್ಲಿ ಸೇರಿಸಿ, ಬೀಗದ ಕೈಯನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟರೆ ಕೆಲಸ ಪ್ರಾರಂಭವಾಗಬಹುದು.