ಹಳೇ ವಿಮಾನ ಅಗ್ಗಕ್ಕೆ ಸಿಗಬಹುದು, ಪೆಟ್ರೋಲ್ ಸಿಗುತ್ತಾ?

ಹಳೇ ಟ್ರ್ಯಾಕ್ಟರ್ ಕೊಳ್ಳೋಕೆ ಹೋದರೂ ನಾವು ಮೆಕ್ಯಾನಿಕ್‌ನ ಕರ್ಕೊಂಡು ಹೋಗ್ತೀವಿ. ಅಮೆರಿಕದಲ್ಲಿ ಸ್ವಂತ ಓಡಾಟಕ್ಕೆ ಸೆಕೆಂಡ್ ಹ್ಯಾಂಡ್ ವಿಮಾನ ಕೊಳ್ಳುವವರೂ ಅದನ್ನೇ ಮಾಡ್ತಾರೆ. ಆದರೆ ಈಗ ಎಂಜಿನ್ ನೋಡಿದರಷ್ಟೇ ಸಾಲದು, ಪೆಟ್ರೋಲಿನ ಲೆಕ್ಕವನ್ನೂ ಹಾಕಬೇಕಾಗಿದೆ.

ಅಲ್ಲಿನ ನಿಯಮದ ಪ್ರಕಾರ ಎಂಜಿನ್ 200 ಎಚ್‌ಪಿ ಮೀರಿದರೆ ಅದು 'ಹೈ ಪರ್ಫಾರ್ಮೆನ್ಸ್' ವಿಮಾನ. ಓಡಿಸಲು ಲೈಸೆನ್ಸ್ ಜೊತೆಗೆ ಪ್ರತ್ಯೇಕ ತರಬೇತಿಯೂ ಬೇಕು. 310 ಎಚ್‌ಪಿಯ ಸಿರಸ್ ಎಸ್‌ಆರ್22 ಇಂಥದ್ದೇ ಒಂದು. ಇಡೀ ವಿಮಾನವನ್ನೇ ಕೆಳಗಿಳಿಸುವ ಪ್ಯಾರಾಚೂಟ್ ಇದರಲ್ಲಿದೆ. 10 ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಪ್ರತಿ ವರ್ಷ ತಪಾಸಣೆ ಕಡ್ಡಾಯ. ಸುಮಾರು 2000 ಗಂಟೆ ಓಡಿದ ಮೇಲೆ ಎಂಜಿನ್ ಬಿಚ್ಚಿ ಓವರ್‌ಹಾಲ್ ಮಾಡಿಸಬೇಕು. ಹಾಗಾಗಿ 1800 ಗಂಟೆ ಓಡಿದ್ದು ಅಗ್ಗಕ್ಕೆ ಸಿಕ್ಕರೆ ಖುಷಿಪಡುವಂತಿಲ್ಲ.

ದೊಡ್ಡ ತಲೆನೋವು ಇಂಧನದ್ದು. ಈ ಎಂಜಿನ್‌ಗಳಿಗೆ ಬೇಕಾದ 100 ಆಕ್ಟೇನ್ ಪೆಟ್ರೋಲಿನಲ್ಲಿ ಸೀಸ ಇರುತ್ತೆ. ಸೀಸ ಮಕ್ಕಳ ಮೆದುಳಿಗೆ ವಿಷ. 2030ರ ಕೊನೆಗೆ ಅದನ್ನು ಕೈಬಿಡುವ ಗುರಿ ಅಮೆರಿಕದ್ದು. ಕ್ಯಾಲಿಫೋರ್ನಿಯಾದಲ್ಲಂತೂ 2031ರಿಂದ ಮಾರಾಟವೇ ನಿಷೇಧ. ಸೀಸವಿಲ್ಲದ ಬದಲಿ ಪೆಟ್ರೋಲ್ ಎಲ್ಲಾ ಕಡೆ ಸಿಗ್ತಿಲ್ಲ.

ಇವತ್ತು ಕೊಳ್ಳುವವರು ಕೇಳಬೇಕಾದ್ದು ಎರಡು ಪ್ರಶ್ನೆ: ಎಂಜಿನ್ ಎಷ್ಟು ಗಂಟೆ ಓಡಿದೆ, ನಾಳೆ ಅದಕ್ಕೆ ಏನು ಹಾಕೋದು? ಬೆಲೆಯ ಮಾತು ಆಮೇಲೆ.