ದಣಿಯೋಕಿಂತ ಮೊದ್ಲೇ ಕೂಡ್ರಬೇಕು

"ಮೈ ಬಗ್ಗಿಸಿ ನಾಕು ಕೆಲಸ ಮಾಡವಾ, ದಣಿವು ತಾನೇ ಹೋಗ್ತದ." ಯಾದಗಿರಿಯಿಂದ ಸುರಪುರದ ತನಕ ಯಾರ ಮನಿಗೆ ಹೋದ್ರೂ ದಣಿವಿನ ಜಡ್ಡು ಇದ್ದ ಹೆಣ್ಮಕ್ಕಳಿಗೆ ಸಿಗೋ ಬುದ್ಧಿಮಾತು ಇದು. ಸಕ್ಕರಿ ಕಾಯಿಲೆ ಇದ್ದೋರಿಗೆ ನಡಿ, ಓಡ್ಯಾಡು ಅನ್ನೋದು ಖರೆ ಮಾತೇ. ಆದ್ರ ಎಲ್ಲಾ ಜಡ್ಡಿಗೂ ಅದೇ ಮದ್ದು ಅಲ್ರಿ. ಕೆಲವು ಜಡ್ಡಿನ್ಯಾಗ ಅದೇ ಮಾತು ಮನಶಾನ್ನ ಹಾಸಿಗಿಗೆ ಕೆಡವ್ತದ.

ನನಗ ಜ್ವರ ಬಂದು ನಾಕು ವರ್ಷ ಆತು. ಜ್ವರ ಹೋತು, ದಣಿವು ಉಳೀತು. ದಿನಪೂರ್ತಿ ಹತ್ತಿ ಬಿಡಿಸಿ ಬಂದಾಗ ಆಗೋ ದಣಿವು ಬ್ಯಾರೆ, ರಾತ್ರಿ ಮಲಗಿದ್ರ ಹೋಗ್ತದ. ಇದು ಮಲಗಿ ಎದ್ರೂ ಹೋಗಂಗಿಲ್ಲ. ಇಂಥಾ ಜಡ್ಡಿಗೆ ಡಾಕ್ಟರ್ ಮಂದಿ ಎಂ.ಇ., ಸಿ.ಎಫ್.ಎಸ್. ಅಂತಾರ. ಲಾಂಗ್ ಕೋವಿಡ್ ಇದ್ದ ಭಾಳ ಮಂದಿಗೂ ಹಿಂಗೇ ಆಗ್ತದ. ಜ್ವರ ಹೋದ ಮ್ಯಾಲೂ ಜಡ್ಡು ಉಳಿಯೋದು ನಮಗೇನು ಹೊಸದಲ್ಲ. 2006ರಾಗ, ಯಾದಗಿರಿ ಇನ್ನಾ ಗುಲ್ಬರ್ಗಾ ಜಿಲ್ಲಾದಾಗ ಇದ್ದಾಗ, ಚಿಕೂನ್‌ಗುನ್ಯಾ ಬಂದು ಎಷ್ಟು ಮಂದಿ ತಿಂಗಳಗಟ್ಲೆ ಗ್ವಾಡಿ ಹಿಡ್ಕೊಂಡು ಎದ್ರು, ನೆನಪದ ಅಲ್ಲ?

ಈ ಜಡ್ಡಿನ ದೊಡ್ಡ ಮೋಸ ಏನಂದ್ರ, ಮಾಡಿದ ಕೆಲಸದ ಪೆಟ್ಟು ಆಗಿಂದಾಗ ಕಾಣಂಗಿಲ್ಲ. ಒಂದು ದಿನ, ಒಮ್ಮೊಮ್ಮೆ ಎರಡು ದಿನ ಬಿಟ್ಟು ಬರ್ತದ. ಮದುವ್ಯಾಗ ನಕ್ಕೋತ ಓಡ್ಯಾಡಿದ್ದನ್ನ ನೂರು ಮಂದಿ ನೋಡ್ತಾರ. ಮರುದಿನ ಕತ್ತಲ ಕ್ವಾಣ್ಯಾಗ ಬಿದ್ದದ್ದು ಯಾರೂ ನೋಡಂಗಿಲ್ಲ. "ನಿನ್ನೆ ಚೊಲೋ ಇದ್ದೆಲ್ಲ, ಇವತ್ತೇನಾತು?" ಅಂತಾರ. ನಿನ್ನೆ ಚೊಲೋ ಇದ್ದದ್ದಕ್ಕೇ ಇವತ್ತು ಹಿಂಗಾತು ಅಂತ ಹ್ಯಾಂಗ ಹೇಳ್ಬೇಕು?

ಇಂಗ್ಲೆಂಡಿನ ನೈಸ್ ಅನ್ನೋ ಸಂಸ್ಥೆ ಅಲ್ಲಿನ ಡಾಕ್ಟರ್‌ಗಳಿಗೆ ಚಿಕಿತ್ಸಾದ ದಾರಿ ಬರದು ಕೊಡ್ತದ. ಈ ಜಡ್ಡು ಇದ್ದೋರಿಗೆ ವಾರವಾರ ವ್ಯಾಯಾಮ ಹೆಚ್ಚಿಸಿಕೋತ ಹೋಗ್ರಿ ಅಂತ ಮೊದ್ಲು ಅದೂ ಹೇಳ್ತಿತ್ತು. 2021ರ ಅಕ್ಟೋಬರ್‌ದಾಗ ಹಂಗ ಮಾಡಿಸಬ್ಯಾಡ್ರಿ ಅಂತ ಬದಲಿಸಿತು. ಇದ್ದ ಶಕ್ತಿ ಒಳಗೇ ಕೆಲಸ ಹಂಚಿಕೋರಿ ಅನ್ನೋದು ಈಗಿನ ಮಾತು.

ನಮ್ಮ ಹೊಲದವರಿಗೆ ಇದನ್ನ ಬೋರಿನ ಲೆಕ್ಕದಾಗ ಹೇಳಬಹುದು. ಕಡಿಮಿ ನೀರಿನ ಬೋರ್ ಇದ್ರ ಏನ್ ಮಾಡ್ತೀವಿ? ಸ್ವಲ್ಪ ಹೊತ್ತು ಮೋಟರ್ ಹಚ್ಚಿ ಬಂದ್ ಮಾಡ್ತೀವಿ, ಊಟಿ ಬರೋ ತನಕ ಕಾಯ್ತೀವಿ. ಒಂದೇ ಸಮ ಎತ್ತಿದ್ರ ಮೋಟರ್ ಸುಡ್ತದ. ಬೋರಿಗೆ ತೋರ್ಸೋ ಅಷ್ಟು ಕಾಳಜಿ ಮನಿ ಹೆಣ್ಮಗಳಿಗೂ ತೋರ್ಸಬೇಕಲ್ಲ?

ನಾನು ಮಾಡೋದು ಇಷ್ಟು. ಹತ್ತು ರೊಟ್ಟಿ ಬಡಿಯೋದಿದ್ರ ಐದು ಬಡದು ಗ್ಯಾಸ್ ಆರಿಸಿ ಅಡ್ಡಾಗ್ತೀನಿ, ಉಳಿದದ್ದು ಆಮ್ಯಾಲೆ. ಒಂದು ವಾರಕ್ಕಾಗೋ ಖಡಕ್ ರೊಟ್ಟಿ ಯಾರರೆ ಬಡದು ಕೊಟ್ರ ಬ್ಯಾಡ ಅನ್ನಂಗಿಲ್ಲ. ಕಾಯಿಪಲ್ಯ ಕೂತೇ ಹೆಚ್ತೀನಿ. ಅರಬಿ ಒಗದ ದಿನ ತಲಿಗಿ ನೀರು ಹಾಕೊಳಂಗಿಲ್ಲ. ಮೈಲಾಪುರ ಮಲ್ಲಯ್ಯನ ಜಾತ್ರಿಗೆ ಹೋಗೋದಿದ್ರ ಮುಂದ ಎರಡು ದಿನ, ಹಿಂದ ಎರಡು ದಿನ ಯಾವ ಕೆಲಸಾನೂ ಇಟ್ಕೊಳಂಗಿಲ್ಲ. ಬ್ಯಾಸಗಿ ಬಿಸಲಿನ್ಯಾಗ ಎಲ್ಲಾ ಕೆಲಸ ಇನ್ನಾ ಅರ್ಧ. ಅಡ್ಡಾಗೋದು ಅಂದ್ರ ಕಣ್ಣು ಮುಚ್ಚಿ ಅಡ್ಡಾಗೋದು, ಮೊಬೈಲ್ ನೋಡ್ಕೋತ ಅಲ್ಲ. ಎಲ್ಲಾಕ್ಕಿಂತ ಕಷ್ಟದ್ದು ಮೈ ಹಗುರ ಇದ್ದ ದಿನ. ಬಾಕಿ ಕೆಲಸ ಎಲ್ಲಾ ಇವತ್ತೇ ಮುಗಿಸಿಬಿಡೋಣು ಅಂತ ಕೈ ತುರಿಸ್ತಾವ. ಅವತ್ತೇ ಹಗ್ಗ ಜಗ್ಗಿ ಹಿಡೀಬೇಕು. ಹಾಸಿಗಿ ಇದ್ದಷ್ಟೇ ಕಾಲು ಚಾಚಬೇಕು.

ಒಂದು ಮಾತು. ದಣಿವು ಅಂದಕೂಡ್ಲೆ ಇದೇ ಜಡ್ಡು ಅಂತ ತಿಳ್ಕೊಂಡು ಕೂಡಬ್ಯಾಡ್ರಿ. ರಕ್ತ ಕಡಿಮಿ ಇದ್ರೂ, ಥೈರಾಯ್ಡ್, ಸಕ್ಕರಿ, ಟಿಬಿ ಇದ್ರೂ ದಣಿವು ಬರ್ತದ, ಅವಕ್ಕೆ ಔಷಧ ಅದ. ಮೊದ್ಲು ದವಾಖಾನಿಗೆ ಹೋಗಿ ತಪಾಸ ಮಾಡಿಸ್ರಿ.

ಇನ್ನ ನಮ್ಮ ಅತ್ತೆಂದ್ರಿಗೆ, ವೈನಿಗಳಿಗೆ ಹೇಳೋದದ. ಕೂಲಿಗೆ ಹೋಗೋ ಹೆಣ್ಮಗಳಿಗೆ "ಕೂಡು" ಅಂದ್ರ ಹೊಟ್ಟಿಗೇನು ಅಂತ ಕೇಳ್ತಾಳ, ಖರೆ ಅದ. ಆದ್ರ ಆಕಿ ಕೂಲಿಯಿಂದ ಬಂದ ಮ್ಯಾಲೆ ಕಸ, ಬಾಂಡೆ, ನೀರು ಎಲ್ಲಾ ಆಕಿ ತಲಿಗೇ ಯಾಕ? ಗಂಡ, ಮಗ ಎರಡು ಕೊಡ ನೀರು ತಂದ್ರ ಅವರ ಮೀಸಿ ಏನು ಉದುರಂಗಿಲ್ಲ. ದಣಿವಿನ ಜಡ್ಡು ಇದ್ದಾಕಿ ತಾ ಒಬ್ಬಾಕಿನೇ ಶಕ್ತಿ ಉಳಿಸಿಕೊಳ್ಳಾಕ ಆಗಂಗಿಲ್ಲ. ಆಕಿ ಕೈ ಬಿಟ್ಟ ಕೆಲಸ ಇನ್ನೊಬ್ಬರು ಹಿಡೀಬೇಕು, ಅದೂ ಗೊಣಗಲಾರದ.

ಶಹಾಪುರದ ಗುಡ್ಡ ಬುದ್ಧ ಮಲಗಿದಂಗ ಕಾಣ್ತದ ಅಂತ ನಿಂತು ಫೋಟೊ ತಕ್ಕೋತೀವಿ. ಮನಿ ಹೆಣ್ಮಗಳು ಹಗಲಿನ್ಯಾಗ ಅರ್ಧ ತಾಸು ಮಲಗಿದ್ರ ಮೈಗಳ್ಳಿ ಅಂತೀವಿ. ಇನ್ನ ಮ್ಯಾಲೆ ಹಂಗ ಅನಬ್ಯಾಡ್ರಿ. ಬಾಗಲ ಮುಂದ ಮಾಡಿ, ಹುಡುಗರನ್ನ ಹೊರಗ ಕರಕೊಂಡು ಹೋಗ್ರಿ. ಆಕಿ ಮಲಗಿಕೋಲಿ.