ಕಲ್ಲಿನ ಜೊತೆಗೆ ಅದರ ಊರೂ ಬರಲಿ

ಪಳೆಯುಳಿಕೆಗಳನ್ನು ಸಂಗ್ರಹಿಸಬೇಕೆಂಬ ಆಸೆಯುಳ್ಳ ಸಂಪಗಾಂವ ಸೀಮೆಯ ವಿದ್ಯಾರ್ಥಿಗೆ ಮೊದಲು ನಿರಾಶೆಯೇ ಕಾದಿರುತ್ತದೆ. ಪಠ್ಯಪುಸ್ತಕದ ಚಿತ್ರಗಳಲ್ಲಿ ಕಾಣುವ ಶಂಖ, ಮೀನು, ಜರಿಗಿಡಗಳು ಇಲ್ಲಿಯ ಕಲ್ಲುಗಳಲ್ಲಿ ಸುಲಭವಾಗಿ ದೊರೆಯವು. ಕಿತ್ತೂರಿನ ಕಡೆಯ ಧಾರವಾಡ ಶಿಲೆಗಳು ಅತಿ ಪುರಾತನವಾದವು. ಭೂಗರ್ಭದ ಕಾವು ಒತ್ತಡಗಳಿಗೆ ಸಿಕ್ಕಿ ರೂಪ ಬದಲಿಸಿದವು. ಬೆಳಗಾವಿಯ ಉತ್ತರಕ್ಕೂ ಪಶ್ಚಿಮಕ್ಕೂ ಹಬ್ಬಿರುವ ಕಪ್ಪು ಶಿಲೆಯಾದರೋ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸ. ಕಲ್ಲಿನ ಸೀಳುಗಳಲ್ಲಿ ಕೆಲವೊಮ್ಮೆ ಎಲೆಯಂಥ ಕಪ್ಪು ಗೆರೆಗಳು ಕಾಣುವುದುಂಟು. ಅವು ಎಲೆಗಳಲ್ಲ, ನೀರಿನೊಡನೆ ಇಳಿದ ಮ್ಯಾಂಗನೀಸ್ ಕವಲೊಡೆದು ಬರೆದ ಚಿತ್ತಾರ.

ಆದರೆ ರಾಮದುರ್ಗವನ್ನು ದಾಟಿ ಲೋಕಾಪುರ, ಬಾಗಲಕೋಟೆಗಳ ಕಡೆಗೆ ಹೋದವನಿಗೆ ಬೇರೊಂದು ಭಾಗ್ಯವುಂಟು. ಅಲ್ಲಿಯ ಕಲಾದಗಿ ಶಿಲಾವರ್ಗದ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮಾಟೊಲೈಟುಗಳಿವೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳ ಅಂಟುಪದರಗಳು ಕೆಸರಿನ ಕಣಗಳನ್ನು ಹಿಡಿದು, ಮತ್ತೆ ಅದರ ಮೇಲೆ ಬೆಳೆದು, ಪದರದ ಮೇಲೆ ಪದರವಾಗಿ ಕಟ್ಟಿದ ಗುಬ್ಬಟೆಗಳಿವು. ಕಲ್ಲಿಗೆ ನೀರು ಸವರಿದರೆ ಬಿಲ್ಲಿನಂತೆ ಬಾಗಿದ ಗೆರೆಗಳು ಎದ್ದು ತೋರುತ್ತವೆ. ಇಂಥವು ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ಇಂದಿಗೂ ಜೀವಂತವಾಗಿ ಬೆಳೆಯುತ್ತಿವೆ.

ಈ ಬಿಲ್ಲುಗೆರೆಗಳ ಉಬ್ಬು ಸಾಮಾನ್ಯವಾಗಿ ಮೇಲ್ಮುಖವಾಗಿರುತ್ತದೆ. ಶಿಲಾಪದರವು ಮಡಿಚಿ ಬುಡಮೇಲಾಗಿದೆಯೇ ಎಂಬುದನ್ನು ಭೂವಿಜ್ಞಾನಿಗಳು ಇದರಿಂದಲೇ ಊಹಿಸಬಲ್ಲರು. ಆದಕಾರಣ ಅಂಥ ಕಲ್ಲನ್ನು ಅದರ ನೆಲೆಯಿಂದ ಕಿತ್ತು ತಂದರೆ ನಾವು ಅಂದದ ಕಲ್ಲೊಂದನ್ನು ಗಳಿಸಿ, ಅದು ಹೇಳಬಹುದಾಗಿದ್ದ ಮಾತನ್ನು ಕಳೆಯುತ್ತೇವೆ. ಬಂಡೆಗೆ ಸುತ್ತಿಗೆ ತಾಗಿಸಲೇಬಾರದೆಂಬುದು ನಮ್ಮ ಅಭಿಪ್ರಾಯ. ಅದರ ಬಳಿ ಅಳತೆಯ ಕಡ್ಡಿಯನ್ನಿಟ್ಟು ಛಾಯಾಚಿತ್ರ ತೆಗೆದರೆ ಸಾಕು.

ಹಾಗಾದರೆ ಸಂಗ್ರಹವೇ ಬೇಡವೇ? ಬೇಡವೆನ್ನುವವರೂ ಇದ್ದಾರೆ. ಅವರ ಮಾತನ್ನು ನಾವು ಒಪ್ಪಲಾರೆವು. ಇದೇ ಸುಣ್ಣಕಲ್ಲು ಸಿಮೆಂಟು ಕಾರ್ಖಾನೆಗಳಿಗೂ ಸುಣ್ಣದ ಭಟ್ಟಿಗಳಿಗೂ ಹೋಗಿ ಪುಡಿಯಾಗುತ್ತದೆ. ಕಲ್ಲುಗಣಿಯವರು ಆಗಲೇ ಒಡೆದು ರಾಶಿ ಹಾಕಿದ್ದರಿಂದ, ಅವರ ಅಪ್ಪಣೆ ಪಡೆದು, ಅಂಗೈಯಗಲದ ಎರಡು ತುಂಡುಗಳನ್ನು ಎತ್ತಿಕೊಂಡರೆ ವಿಜ್ಞಾನಕ್ಕೆ ನಷ್ಟವಿಲ್ಲ, ಲಾಭವೇ ಉಂಟು. ಆದರೆ ಕಲ್ಲಿಗೆ ಬಣ್ಣದಿಂದ ಸಂಖ್ಯೆ ಬರೆದು, ಅದೇ ಸಂಖ್ಯೆಯಡಿ ದಫ್ತರದಲ್ಲಿ ಊರು, ಗಣಿ, ದಿನಾಂಕ, ತಂದವರ ಹೆಸರುಗಳನ್ನು ಅಂದೇ ದಾಖಲಿಸಬೇಕು. ನಾಳೆ ಬರೆದರಾಯಿತು ಎಂದು ಬಿಟ್ಟ ಕಲ್ಲು ಅಂಗಳದ ಕಲ್ಲೇ ಸರಿ. ರಾಶಿಯಲ್ಲಿ ಬಿದ್ದಿದ್ದನ್ನು "ರಾಶಿಯಲ್ಲಿ ಸಿಕ್ಕಿದ್ದು" ಎಂದೇ ಬರೆಯಬೇಕು.

ಈ ಶಿಸ್ತಿನ ಬೆಲೆಯನ್ನು ನಮ್ಮ ಜಿಲ್ಲೆಯಲ್ಲೇ ಅಲೆದಾಡಿದ ರಾಬರ್ಟ್ ಬ್ರೂಸ್ ಫೂಟ್ ತೋರಿಸಿಕೊಟ್ಟಿದ್ದಾನೆ. ಗೋಕಾಕದ ಬಳಿ ದೊರೆತ ಘೇಂಡಾಮೃಗದ ಎಲುಬುಗಳನ್ನು ಆತ 1874ರಲ್ಲಿ 'ರೈನೊಸೆರಸ್ ಡೆಕ್ಕನೆನ್ಸಿಸ್' ಎಂಬ ಹೆಸರಿನಿಂದ ವರ್ಣಿಸಿದನು. ಘಟಪ್ರಭೆಯ ನಾಡಿನಲ್ಲಿ ಘೇಂಡಾಮೃಗ! ನೆಲೆ ಬರೆದಿಡದಿದ್ದರೆ ಆ ಎಲುಬುಗಳನ್ನು ಯಾರು ನಂಬುತ್ತಿದ್ದರು? ದಶಕಗಳ ಕಾಲ ಕೂಡಿಸಿದ ಶಿಲಾಯುಧಗಳ ಸ್ವಂತ ಸಂಗ್ರಹವನ್ನು ಆತನು ಮನೆಯಲ್ಲಿ ಉಳಿಸಿಕೊಳ್ಳಲಿಲ್ಲ. 1904ರಲ್ಲಿ ಅದು ಮದ್ರಾಸಿನ ಸರಕಾರಿ ವಸ್ತುಸಂಗ್ರಹಾಲಯದ ಪಾಲಾಯಿತು. ಆತ ತೀರಿಕೊಂಡದ್ದು 1912ರಲ್ಲಿ. ಸಂಗ್ರಹದ ವಿವರಪಟ್ಟಿ ಅಚ್ಚಾದದ್ದು 1914ರಲ್ಲಿ. ವಸ್ತುವಿನೊಂದಿಗೆ ಊರಿನ ಹೆಸರಿದ್ದುದರಿಂದಲೇ ಸಂಗ್ರಹಕಾರನಿಲ್ಲದೆಯೂ ಸಂಗ್ರಹ ಮಾತನಾಡಿತು.

ನಮ್ಮ ಶಾಲೆಗಳ ಸ್ಥಿತಿ ಬೇರೆ. ಆಸಕ್ತ ಮಾಸ್ತರರೊಬ್ಬರು ವರ್ಗವಾಗಿ ಹೋದರೆ ಅವರು ಕೂಡಿಸಿದ ಕಲ್ಲುಗಳು ಕಪಾಟಿನಿಂದ ಹೂವಿನ ಪಾತಿಗೆ ಇಳಿಯುತ್ತವೆ. ಅದಕ್ಕೇ ಎರಡು ತುಂಡುಗಳೆಂದು ಹೇಳಿದೆವು. ಒಂದು ಶಾಲೆಯಲ್ಲಿರಲಿ, ಇನ್ನೊಂದು, ದಫ್ತರದ ನಕಲಿನೊಡನೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದವರನ್ನು ಕೇಳಿ, ಅವರು ಒಪ್ಪಿದರೆ ಅಲ್ಲಿಗೆ ಹೋಗಲಿ. ಹೆಚ್ಚಿಗೆ ತುಂಡು ಸಿಕ್ಕರೆ ವಿನಿಮಯಕ್ಕೂ ಬಂತು. ಶಂಖಗಳ ಆಸೆ ತೀರದ ರಾಮದುರ್ಗದ ಹುಡುಗಿಯು ತಮಿಳುನಾಡಿನ ಅರಿಯಲೂರಿನ ಶಾಲೆಯೊಂದಕ್ಕೆ ಪತ್ರ ಬರೆದು ನೋಡಲಿ: ಅಲ್ಲಿಯ ಪದರಗಳಲ್ಲಿ ಕಡಲಜೀವಿಗಳ ಚಿಪ್ಪುಗಳು ಹೇರಳವಾಗಿವೆ, ಕಲಾದಗಿಯ ಬಿಲ್ಲುಗೆರೆಯ ಕಲ್ಲು ಮಾತ್ರ ಇಲ್ಲ.